ಹಳೆಯ ಕಾರಿಗೆ ಹೊಸ ಚುಕ್ಕಾಣಿ

ಸ್ಟಿಯರಿಂಗ್ ತಿರುಗಿಸಿದರೆ ಚಕ್ರ ತಿರುಗುತ್ತದೆ. ಇದರಲ್ಲಿ ವಿವರಿಸುವಂಥದ್ದು ಏನಿದೆ ಎಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ಅರವತ್ತು, ಎಪ್ಪತ್ತು ವರ್ಷಗಳ ಹಿಂದಿನ ಕಾರೊಂದನ್ನು ಓಡಿಸಿ ನೋಡಿದವರಿಗೆ ಈ ಸರಳ ಮಾತಿನ ಹಿಂದಿರುವ ಕಷ್ಟ ಚೆನ್ನಾಗಿ ಗೊತ್ತು. ಇಂಥ ಎಷ್ಟೋ ಕಾರುಗಳಲ್ಲಿ ಸ್ಟಿಯರಿಂಗನ್ನು ಅಂಗುಲ, ಎರಡು ಅಂಗುಲ ತಿರುಗಿಸಿದರೂ ಕಾರು ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ನೇರವಾಗಿ ಸಾಗುತ್ತದೆ. ಚಾಲಕರ ಭಾಷೆಯಲ್ಲಿ ಹೇಳುವುದಾದರೆ ‘ಪ್ಲೇ ಜಾಸ್ತಿ’. ಕಾರು ನಿಂತಿರುವಾಗ ತಿರುಗಿಸಬೇಕಾದರೆ ಎರಡೂ ತೋಳಿನ ಬಲ ಬೇಕು. ಹೆದ್ದಾರಿಯಲ್ಲಿ ವೇಗ ಹೆಚ್ಚಿದಂತೆ ಕಾರು ಅತ್ತಿತ್ತ ಅಲೆಯತೊಡಗುತ್ತದೆ.

ಇದಕ್ಕೆ ಪರಿಹಾರವೆಂದು ಬ್ರಿಟನ್, ಅಮೆರಿಕಗಳಲ್ಲಿ ಹಳೆಯ ಕಾರುಗಳ ಮಾಲೀಕರು ಅನೇಕರು ಹಿಡಿದಿರುವ ದಾರಿ ಒಂದಿದೆ. ಕಾರಿನ ಮೂಲ ಸ್ಟಿಯರಿಂಗ್ ಬಾಕ್ಸನ್ನು ಕಳಚಿ, ಅದರ ಜಾಗದಲ್ಲಿ ಇಂದಿನ ಕಾರುಗಳಲ್ಲಿರುವಂಥ ‘ರ್ಯಾಕ್ ಅಂಡ್ ಪಿನಿಯನ್’ ವ್ಯವಸ್ಥೆಯನ್ನು ಕೂರಿಸುವುದು. ಮೇಲುನೋಟಕ್ಕೆ ಇದು ಒಂದು ಬಿಡಿಭಾಗ ತೆಗೆದು ಇನ್ನೊಂದನ್ನು ಹಾಕುವ ಕೆಲಸ. ನಿಜದಲ್ಲಿ ಅದು ಕಾರಿನ ಮುಂಭಾಗದ ಇಡೀ ರೇಖಾಗಣಿತವನ್ನೇ ಮುಟ್ಟುವ ಕೆಲಸ. ಲೆಕ್ಕ ತಪ್ಪಿದರೆ ಹಳೆಯ ಬಾಕ್ಸಿಗಿಂತ ಹೊಸ ರ್ಯಾಕೇ ಹೆಚ್ಚು ಅಪಾಯಕಾರಿ. ಲೆಕ್ಕ ಸರಿಯಾದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಸ್ಟಿಯರಿಂಗ್ ಬದಲಾದ ಮೇಲೆ ಅದು ಅದೇ ಕಾರೇ?

ಒಂದೇ ಪ್ರದರ್ಶನ, ಎರಡು ಕಾರು

ಈ ಕಥೆಯನ್ನು ಅರಿಯಲು 1948ರ ಅಕ್ಟೋಬರಿಗೆ ಹೋಗಬೇಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಮೊದಲ ಮೋಟಾರು ಪ್ರದರ್ಶನ ಲಂಡನ್ನಿನ ಅರ್ಲ್ಸ್ ಕೋರ್ಟಿನಲ್ಲಿ ಆಗ ನಡೆಯಿತು. ಅಲ್ಲಿ ಜನರ ಕಣ್ಣು ಕುಕ್ಕಿದ್ದು ಜಾಗ್ವಾರ್ ಕಂಪೆನಿಯ ಎಕ್ಸ್‌ಕೆ 120. ಗಂಟೆಗೆ 120 ಮೈಲಿ ಓಡಬಲ್ಲದೆಂಬ ಕಾರಣಕ್ಕೇ ಅದಕ್ಕೆ ಆ ಹೆಸರು. ಅದರಲ್ಲಿದ್ದುದು 3.4 ಲೀಟರಿನ ಆರು ಸಿಲಿಂಡರಿನ ಹೊಚ್ಚ ಹೊಸ ಎಂಜಿನ್. ಮರುವರ್ಷ ಬೆಲ್ಜಿಯಮ್ಮಿನ ಹೆದ್ದಾರಿಯೊಂದರ ಮೇಲೆ ಈ ಕಾರು ಗಂಟೆಗೆ 132 ಮೈಲಿಗೂ ಮೀರಿದ ವೇಗ ತೋರಿಸಿ ಅನುಮಾನಿಸಿದವರ ಬಾಯಿ ಮುಚ್ಚಿಸಿತು.

ಅದೇ ಪ್ರದರ್ಶನದಲ್ಲಿ ಮಾರಿಸ್ ಮೈನರ್ ಎಂಬ ಪುಟ್ಟ ಕಾರೂ ಇತ್ತು. ಮಧ್ಯಮ ವರ್ಗದ ಸಂಸಾರಕ್ಕೆಂದು ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರ್ ರೂಪಿಸಿದ ಅಗ್ಗದ ಕಾರು ಅದು. ಅದರ ಜೊತೆಗೇ ಅದರ ಅಣ್ಣನಂತಿದ್ದ ಮಾರಿಸ್ ಆಕ್ಸ್‌ಫರ್ಡ್ ಕೂಡ ಬೆಳಕು ಕಂಡಿತು.

ಇಲ್ಲೊಂದು ಸ್ವಾರಸ್ಯವಿದೆ. ವೇಗದ ಕಾರಾದ ಜಾಗ್ವಾರ್‌ನಲ್ಲಿ ಇದ್ದುದು ಹಳೆಯ ಪದ್ಧತಿಯ ಸ್ಟಿಯರಿಂಗ್ ಬಾಕ್ಸ್. ನಿಧಾನದ ಕಾರುಗಳಾದ ಮಾರಿಸ್ ಜೋಡಿಯಲ್ಲಿ ಇದ್ದುದು ರ್ಯಾಕ್ ಅಂಡ್ ಪಿನಿಯನ್. ಕಾರಣವೂ ಸರಳವೇ. ಎಕ್ಸ್‌ಕೆ 120ರ ಚಾಸಿ ಹೊಸದಾಗಿ ಹುಟ್ಟಿದ್ದಲ್ಲ. ಜಾಗ್ವಾರ್‌ನವರ ಭಾರೀ ಸಲೂನ್ ಕಾರೊಂದರ ಚಾಸಿಯನ್ನು ಗಿಡ್ಡಮಾಡಿ ತಯಾರಿಸಿದ್ದು. ಸಲೂನಿನ ಚಾಸಿಯೊಡನೆ ಅದರ ಸ್ಟಿಯರಿಂಗ್ ಬಾಕ್ಸೂ ಬಂತು. ಮಾರಿಸ್ ಮೈನರ್ ಮಾತ್ರ ಬುಡದಿಂದಲೇ ಹೊಸದಾಗಿ ಯೋಚಿಸಿ ಮಾಡಿದ ಕಾರು.

ಆಕ್ಸ್‌ಫರ್ಡ್ ವಂಶದ ಮೂರನೇ ಸರಣಿಯ ಕಾರೇ ಮುಂದೆ ಸಮುದ್ರ ದಾಟಿ ಬಂದು, 1950ರ ದಶಕದ ಕೊನೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ನಮ್ಮ ಅಂಬಾಸಿಡರ್ ಆಯಿತು, 2014ರವರೆಗೂ ತಯಾರಾಗುತ್ತಿತ್ತು. ಹಳೆಯದೆಂದೂ ತೂಕದ್ದೆಂದೂ ನಾವು ತಮಾಷೆ ಮಾಡುತ್ತಿದ್ದ ಅಂಬಾಸಿಡರ್‌ನಲ್ಲಿ ಇದ್ದುದು ರ್ಯಾಕ್ ಅಂಡ್ ಪಿನಿಯನ್. ಅದಕ್ಕಿಂತ ಚುರುಕೆಂದು ಹೆಸರಾಗಿದ್ದ ಫಿಯೆಟ್ 1100, ಅಂದರೆ ನಮ್ಮ ಪ್ರೀಮಿಯರ್ ಪದ್ಮಿನಿಯಲ್ಲಿ ಇದ್ದುದು ಸ್ಟಿಯರಿಂಗ್ ಬಾಕ್ಸ್. ಎರಡನ್ನೂ ಓಡಿಸಿದ ಹಿರಿಯ ಚಾಲಕರ ಕೈಗೆ ಈ ವ್ಯತ್ಯಾಸ ಗೊತ್ತಿತ್ತು. 1983ರ ಕೊನೆಯಲ್ಲಿ ಬಂದ ಮಾರುತಿ 800 ಕೂಡ ರ್ಯಾಕಿನ ಪಂಗಡಕ್ಕೇ ಸೇರಿದ್ದು.

ಬಾಕ್ಸಿನೊಳಗೆ ಏನಿದೆ?

ಸ್ಟಿಯರಿಂಗ್ ಮಾಡಬೇಕಾದ ಕೆಲಸ ಎರಡು. ನಾವು ಗುಂಡಗೆ ತಿರುಗಿಸುವ ಚಲನೆಯನ್ನು ಎಡಬಲದ ಚಲನೆಯಾಗಿ ಬದಲಾಯಿಸಬೇಕು. ಜೊತೆಗೆ, ನಮ್ಮ ಕೈಯ ಅಲ್ಪ ಬಲವನ್ನು ಹೆಚ್ಚಿಸಿ ಕ್ವಿಂಟಾಲುಗಟ್ಟಲೆ ಭಾರ ಹೊತ್ತ ಮುಂದಿನ ಚಕ್ರಗಳನ್ನು ತಿರುಗಿಸಬೇಕು.

ಹಳೆಯ ಬಾಕ್ಸಿನಲ್ಲಿ ಇದನ್ನು ಮಾಡುವುದು ತಿರುಪು. ಸ್ಟಿಯರಿಂಗಿನ ಸರಳಿನ ತುದಿಯಲ್ಲಿ ದಪ್ಪ ತಿರುಪೊಂದಿರುತ್ತದೆ. ಅದರ ಮೇಲೆ ಒಂದು ನಟ್ ಕೂತಿರುತ್ತದೆ. ತಿರುಪು ತಿರುಗಿದಾಗ ನಟ್ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಸರಿಯುವಾಗ ಇನ್ನೊಂದು ಹಲ್ಲಿನ ಶಾಫ್ಟನ್ನು ತಿರುಗಿಸುತ್ತದೆ. ತಿರುಪು ಮತ್ತು ನಟ್ಟಿನ ನಡುವೆ ಉಜ್ಜಾಟ ಕಡಿಮೆಯಾಗಲೆಂದು ಸಣ್ಣ ಉಕ್ಕಿನ ಗುಂಡುಗಳನ್ನು ತುಂಬಿರುತ್ತಾರೆ. ಇವು ಒಂದು ಕಡೆಯಿಂದ ಉರುಳಿ ಕೊಳವೆಯ ಮೂಲಕ ಮತ್ತೆ ಮೊದಲಿನ ಜಾಗಕ್ಕೆ ಬರುತ್ತವೆ. ಈ ಬಗೆಗೆ ‘ರೀಸರ್ಕ್ಯುಲೇಟಿಂಗ್ ಬಾಲ್’ ಎಂದು ಹೆಸರು.

ಕೆಲಸ ಇಲ್ಲಿಗೇ ಮುಗಿಯುವುದಿಲ್ಲ. ಬಾಕ್ಸಿನಿಂದ ಹೊರಬಂದ ಶಾಫ್ಟಿಗೆ ಪಿಟ್‌ಮನ್ ಆರ್ಮ್ ಎಂಬ ಗಿಡ್ಡ ತೋಳು. ಅದಕ್ಕೆ ಕಾರಿನ ಅಡ್ಡಕ್ಕೆ ಹೋಗುವ ನಡುಸರಳು. ನಡುಸರಳಿನ ಇನ್ನೊಂದು ತುದಿಯನ್ನು ಹಿಡಿಯಲು ಐಡ್ಲರ್ ಆರ್ಮ್ ಎಂಬ ಇನ್ನೊಂದು ತೋಳು. ಅಲ್ಲಿಂದ ಎರಡೂ ಕಡೆಗೆ ಟೈ ರಾಡ್. ಟೈ ರಾಡಿನ ತುದಿಯಲ್ಲಿ ಚಕ್ರದ ಸ್ಟಿಯರಿಂಗ್ ಆರ್ಮ್. ಇಷ್ಟೂ ಕಡೆ ಕೀಲುಗಳು. ಒಂದೊಂದು ಕೀಲಿನಲ್ಲೂ ಕೂದಲೆಳೆಯಷ್ಟು ಸವೆದರೆ ಸಾಕು, ಎಲ್ಲವೂ ಕೂಡಿ ಚಾಲಕನ ಕೈಗೆ ಅಂಗುಲಗಟ್ಟಲೆ ಪ್ಲೇ ಆಗಿ ತಲುಪುತ್ತದೆ.

ಹಾಗೆಂದು ಬಾಕ್ಸನ್ನು ರೂಪಿಸಿದವರು ದಡ್ಡರೆಂದು ತಿಳಿಯಬೇಕಿಲ್ಲ. ತಿರುಪು ಬಲವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಪವರ್ ಸ್ಟಿಯರಿಂಗ್ ಇಲ್ಲದ ಕಾಲದಲ್ಲಿ ಭಾರದ ಕಾರನ್ನು ತಿರುಗಿಸಲು ಇದು ಅಗತ್ಯವಾಗಿತ್ತು. ಗುಂಡಿಗೆ ಬಿದ್ದ ಚಕ್ರದ ಏಟು ತಿರುಪನ್ನು ದಾಟಿ ಹಿಂದಕ್ಕೆ ಚಾಲಕನ ಕೈಗೆ ಬರುವುದೂ ಕಡಿಮೆ. ಕೆಟ್ಟ ರಸ್ತೆಗೂ ಭಾರಕ್ಕೂ ಇದು ಒಗ್ಗುವುದರಿಂದಲೇ ಲಾರಿ, ಬಸ್ಸುಗಳಲ್ಲಿ ಈ ಪದ್ಧತಿ ಇಂದಿಗೂ ಉಳಿದಿದೆ.

ಊಟಿ ರೈಲಿನ ಹಲ್ಲು

ರ್ಯಾಕ್ ಅಂಡ್ ಪಿನಿಯನ್ ಎಂದರೇನು ಎಂಬುದನ್ನು ಕಣ್ಣಾರೆ ನೋಡಬೇಕೆಂದರೆ ಮೇಟ್ಟುಪಾಳಯದಿಂದ ಊಟಿಗೆ ಹತ್ತುವ ಪುಟ್ಟ ರೈಲನ್ನು ನೋಡಬೇಕು. ಕೂನೂರಿಗೆ ಏರುವ ಕಡಿದಾದ ದಾರಿಯಲ್ಲಿ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿಯೊಂದನ್ನು ಹಾಸಿದ್ದಾರೆ. ಎಂಜಿನ್ನಿನ ಅಡಿಯಲ್ಲಿರುವ ಹಲ್ಲಿನ ಚಕ್ರ ಆ ಪಟ್ಟಿಯನ್ನು ಕಚ್ಚಿ ಹಿಡಿದು ಹತ್ತುತ್ತದೆ. ಹಲ್ಲಿನ ಪಟ್ಟಿಯೇ ರ್ಯಾಕ್, ಹಲ್ಲಿನ ಚಕ್ರವೇ ಪಿನಿಯನ್. ಅಲ್ಲಿ ಪಟ್ಟಿ ಸುಮ್ಮನಿದ್ದು ಚಕ್ರ ಓಡುತ್ತದೆ. ಕಾರಿನಲ್ಲಿ ಚಕ್ರ ಇದ್ದಲ್ಲೇ ತಿರುಗುತ್ತದೆ, ಪಟ್ಟಿ ಎಡಕ್ಕೂ ಬಲಕ್ಕೂ ಸರಿಯುತ್ತದೆ. ಪಟ್ಟಿಯ ಎರಡು ತುದಿಗೆ ಎರಡು ಟೈ ರಾಡ್. ಅಷ್ಟೇ.

ಪಿಟ್‌ಮನ್ ಆರ್ಮ್ ಇಲ್ಲ, ಐಡ್ಲರ್ ಆರ್ಮ್ ಇಲ್ಲ, ನಡುಸರಳಿಲ್ಲ. ಕೀಲುಗಳು ಕಡಿಮೆಯಾದಷ್ಟೂ ಪ್ಲೇ ಕಡಿಮೆ, ತೂಕ ಕಡಿಮೆ, ತಯಾರಿಸುವ ಖರ್ಚೂ ಕಡಿಮೆ. ಕೈ ಅಲುಗಿಸಿದ ತಕ್ಷಣ ಚಕ್ರ ಅಲುಗುತ್ತದೆ. ಕೆಳಗಿನ ರಸ್ತೆ ಹೇಗಿದೆ, ಟೈರು ಜಾರುತ್ತಿದೆಯೇ ಎಂಬುದೂ ಕೈಗೆ ತಿಳಿಯುತ್ತದೆ. ಅದರ ಇನ್ನೊಂದು ಮುಖವೆಂದರೆ, ಗುಂಡಿಯ ಏಟೂ ಅಷ್ಟೇ ನೇರವಾಗಿ ಕೈಗೆ ಬರುತ್ತದೆ.

ಈ ಉಪಾಯ ಹೊಸದೇನಲ್ಲ. ಮೊದಲ ಮೋಟಾರು ಕಾರೆಂದು ಹೆಸರಾದ ಕಾರ್ಲ್ ಬೆಂಜ್‌ನ 1885ರ ಮೂರು ಚಕ್ರದ ಗಾಡಿಯಲ್ಲೇ ಮುಂದಿನ ಒಂಟಿ ಚಕ್ರವನ್ನು ತಿರುಗಿಸಲು ಹಲ್ಲಿನ ಪಟ್ಟಿ ಇತ್ತು. 1936ರ ಹೊತ್ತಿಗೆ ಫ್ರಾನ್ಸಿನ ಸಿಟ್ರೊಯೆನ್, ಜರ್ಮನಿಯ ಬಿಎಂಡಬ್ಲ್ಯು ಕಂಪೆನಿಗಳು ತಮ್ಮ ಕೆಲವು ಕಾರುಗಳಲ್ಲಿ ಅದನ್ನು ಬಳಸಿದ್ದವು.

ಕಾರ್ಖಾನೆಯೇ ಮಾಡಿದ ಬದಲಾವಣೆ

ಹಳೆಯ ಕಾರಿಗೆ ರ್ಯಾಕ್ ಹಾಕಿಸುವವರನ್ನು ಶುದ್ಧತೆಯ ಪ್ರತಿಪಾದಕರು ಟೀಕಿಸುವುದುಂಟು. ಆದರೆ ಜಾಗ್ವಾರ್ ವಿಷಯದಲ್ಲಿ ಈ ಬದಲಾವಣೆಯನ್ನು ಮೊದಲು ಮಾಡಿದ್ದು ಕಾರ್ಖಾನೆಯೇ.

1951ರಲ್ಲಿ ಜಾಗ್ವಾರ್ ಕಂಪೆನಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ಪಂದ್ಯಕ್ಕೆಂದು ಎಕ್ಸ್‌ಕೆ 120ರ ಎಂಜಿನ್ ಇಟ್ಟುಕೊಂಡು ಸಿ-ಟೈಪ್ ಎಂಬ ಪಂದ್ಯದ ಕಾರನ್ನು ಸಿದ್ಧಪಡಿಸಿತು. ಇಡೀ ಹಗಲು, ಇಡೀ ರಾತ್ರಿ ಗಂಟೆಗೆ ನೂರು ಮೈಲಿಗೂ ಮೀರಿ ಓಡಬೇಕಾದ ಕಾರಿನಲ್ಲಿ ಅಂಗುಲದಷ್ಟು ಪ್ಲೇ ಇದ್ದರೂ ನಡೆಯದು. ಆದ್ದರಿಂದ ಸಿ-ಟೈಪ್‌ಗೆ ರ್ಯಾಕ್ ಅಂಡ್ ಪಿನಿಯನ್ ಬಂತು. ಪೀಟರ್ ವಾಕರ್ ಮತ್ತು ಪೀಟರ್ ವೈಟ್‌ಹೆಡ್ ಆ ಕಾರಿನಲ್ಲಿ ಪಂದ್ಯ ಗೆದ್ದರು. ಲ ಮಾನ್‌ನಲ್ಲಿ ಜಾಗ್ವಾರ್‌ಗೆ ಅದು ಮೊದಲ ಗೆಲುವು.

ಪಂದ್ಯದಲ್ಲಿ ಕಲಿತದ್ದು ರಸ್ತೆಯ ಕಾರಿಗೂ ಇಳಿಯಿತು. 1954ರಲ್ಲಿ ಎಕ್ಸ್‌ಕೆ 120ರ ಸ್ಥಾನಕ್ಕೆ ಬಂದ ಎಕ್ಸ್‌ಕೆ 140ರಲ್ಲಿ ಸ್ಟಿಯರಿಂಗ್ ಬಾಕ್ಸ್ ಮಾಯವಾಗಿ ರ್ಯಾಕ್ ಬಂದಿತ್ತು. ಎಂಜಿನ್ನನ್ನು ಮೂರು ಅಂಗುಲ ಮುಂದಕ್ಕೆ ಸರಿಸಿದ್ದರಿಂದ ಒಳಗೆ ಕಾಲಿಗೆ ಜಾಗ ಸಿಕ್ಕಿತು. ಸ್ಟಿಯರಿಂಗ್ ಸರಳಿನಲ್ಲಿ ಕೀಲು ಸೇರಿತು. 1961ರ ಪ್ರಸಿದ್ಧ ಇ-ಟೈಪ್ ಕೂಡ ಇದೇ ದಾರಿ ಹಿಡಿಯಿತು. ಸಲೂನ್ ಕಾರುಗಳು ಮಾತ್ರ ಹಿಂದುಳಿದವು. 1959ರಲ್ಲಿ ಬಂದ ಮಾರ್ಕ್ 2 ಸಲೂನ್ ಕೊನೆಯವರೆಗೂ ಬಾಕ್ಸನ್ನೇ ಇಟ್ಟುಕೊಂಡಿತ್ತು. ಹೀಗಾಗಿ ಇಂದು ಎಕ್ಸ್‌ಕೆ 120 ಮತ್ತು ಮಾರ್ಕ್ 2, ಈ ಎರಡೂ ಕಾರುಗಳ ಮಾಲೀಕರೇ ರ್ಯಾಕಿನ ಕಡೆಗೆ ಹೆಚ್ಚಾಗಿ ಕಣ್ಣು ಹಾಯಿಸುವವರು. ಎಕ್ಸ್‌ಕೆ 120ಕ್ಕೆ ರ್ಯಾಕ್ ಹಾಕಿಸುವವನು ಒಂದು ಅರ್ಥದಲ್ಲಿ ಆರು ವರ್ಷಗಳ ನಂತರ ಕಾರ್ಖಾನೆ ಮಾಡಿದ್ದನ್ನೇ ತಾನೂ ಮಾಡುತ್ತಿದ್ದಾನೆ.

ಆದರೆ ಕಾರ್ಖಾನೆಯಲ್ಲಿ ಎಂಜಿನಿಯರುಗಳಿದ್ದರು, ನಕ್ಷೆಗಳಿದ್ದವು, ಪರೀಕ್ಷಾ ಮೈದಾನವಿತ್ತು. ಗ್ಯಾರೇಜಿನಲ್ಲಿ ಇರುವುದು ವೆಲ್ಡಿಂಗ್ ಯಂತ್ರ ಮತ್ತು ಉತ್ಸಾಹ. ಅಪಾಯ ಹುಟ್ಟುವುದು ಇಲ್ಲೇ.

ತಾನಾಗಿಯೇ ತಿರುಗುವ ಚಕ್ರ

ರಸ್ತೆಯ ಉಬ್ಬು ತಗ್ಗಿಗೆ ತಕ್ಕಂತೆ ಮುಂದಿನ ಚಕ್ರ ಮೇಲೆ ಕೆಳಗೆ ಆಡುತ್ತಿರುತ್ತದೆ. ಅದನ್ನು ಹಿಡಿದಿರುವುದು ಸಸ್ಪೆನ್ಷನ್ನಿನ ಮೇಲಿನ ಮತ್ತು ಕೆಳಗಿನ ತೋಳುಗಳು. ತೋಳಿನ ಒಳತುದಿ ಚಾಸಿಗೆ ಕೀಲಿನಿಂದ ಕೂಡಿರುವುದರಿಂದ ಹೊರತುದಿ ಕೈವಾರದಲ್ಲಿ ಬರೆದಂತೆ ಕಮಾನಿನ ಹಾದಿಯಲ್ಲಿ ಚಲಿಸುತ್ತದೆ. ಇದೇ ಹೊತ್ತಿನಲ್ಲಿ ಟೈ ರಾಡ್ ಕೂಡ ತನ್ನ ಒಳಕೀಲನ್ನು ಕೇಂದ್ರವಾಗಿಟ್ಟುಕೊಂಡು ಇನ್ನೊಂದು ಕಮಾನು ಬರೆಯುತ್ತದೆ. ಈ ಕಮಾನುಗಳು ಒಂದಕ್ಕೊಂದು ಹೊಂದಿಕೊಂಡಿದ್ದರೆ ಚಕ್ರ ಎಷ್ಟು ಎಗರಿದರೂ ಮುಖ ನೇರವಾಗಿಯೇ ಇರುತ್ತದೆ. ಹೊಂದದಿದ್ದರೆ? ಚಕ್ರ ಮೇಲೇರಿದಾಗ ಟೈ ರಾಡ್ ಅದನ್ನು ಎಳೆಯುತ್ತದೆ ಅಥವಾ ತಳ್ಳುತ್ತದೆ. ಚಾಲಕ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿದ್ದರೂ ಚಕ್ರ ತಾನಾಗಿಯೇ ಒಂದಿಷ್ಟು ತಿರುಗುತ್ತದೆ. ಇದಕ್ಕೆ ‘ಬಂಪ್ ಸ್ಟಿಯರ್’ ಎನ್ನುತ್ತಾರೆ.

ಊರೊಳಗೆ ನಿಧಾನವಾಗಿ ಹೋಗುವಾಗ ಇದು ಗೊತ್ತಾಗದೇ ಇರಬಹುದು. ಹೆದ್ದಾರಿಯ ತಿರುವಿನಲ್ಲಿ ವೇಗದಲ್ಲಿದ್ದಾಗ ಒಂದು ಕಡೆಯ ಚಕ್ರ ಉಬ್ಬಿಗೆ ಸಿಕ್ಕರೆ ಕಾರು ಪಕ್ಕದ ಸಾಲಿಗೆ ಹಾರಬಹುದು. ಸವೆದ ಬಾಕ್ಸಿನ ಪ್ಲೇ ಚಾಲಕನಿಗೆ ದಿನವೂ ಗೊತ್ತಾಗುವ ದೋಷ. ಅವನು ಅದಕ್ಕೆ ತಕ್ಕಂತೆ ಹುಷಾರಾಗಿರುತ್ತಾನೆ. ಬಂಪ್ ಸ್ಟಿಯರ್ ಹಾಗಲ್ಲ. ಅದು ಅಡಗಿ ಕೂತು ಒಂದು ದಿನ ಎದ್ದು ಬರುವ ದೋಷ.

ಹಳೆಯ ಕಾರಿನ ನಡುಸರಳಿಗೆ ಟೈ ರಾಡುಗಳು ಕೂಡುವ ಎರಡು ಜಾಗಗಳನ್ನು ಎಂಜಿನಿಯರುಗಳು ಲೆಕ್ಕ ಹಾಕಿಯೇ ನಿರ್ಧರಿಸಿರುತ್ತಾರೆ. ಹೊಸ ರ್ಯಾಕಿನ ಎರಡು ಒಳಕೀಲುಗಳು ಸರಿಸುಮಾರು ಅದೇ ಎತ್ತರದಲ್ಲಿ, ಅಷ್ಟೇ ಅಂತರದಲ್ಲಿ ಬಂದು ಕೂರಬೇಕು. ಆದರೆ ಬೇರೆ ಕಾರಿಗೆಂದು ಮಾಡಿದ ರ್ಯಾಕಿನ ಉದ್ದವೇ ಬೇರೆ. ರ್ಯಾಕ್ ಉದ್ದವಾದರೆ ಟೈ ರಾಡ್ ಗಿಡ್ಡವಾಗುತ್ತದೆ, ಅದರ ಕಮಾನು ಬೇರೆಯಾಗುತ್ತದೆ. ಕಾರಿನ ಬಾನೆಟ್ಟಿನಡಿ ಖಾಲಿ ಇದ್ದ ಜಾಗದಲ್ಲಿ ರ್ಯಾಕ್ ಕೂರಿಸಿ ಕೆಲಸ ಮುಗಿಯಿತೆನ್ನುವಂತಿಲ್ಲ. ಬಲ್ಲ ಕೆಲಸಗಾರರು ಸ್ಪ್ರಿಂಗ್ ತೆಗೆದು, ಚಕ್ರವನ್ನು ಜ್ಯಾಕಿನಿಂದ ಅಂಗುಲ ಅಂಗುಲವಾಗಿ ಮೇಲೆತ್ತುತ್ತ ಇಳಿಸುತ್ತ, ಪ್ರತಿ ಹಂತದಲ್ಲೂ ಚಕ್ರದ ಮುಖ ಎಷ್ಟು ತಿರುಗಿತೆಂದು ಡಯಲ್ ಗೇಜಿನಿಂದ ಅಳೆಯುತ್ತಾರೆ. ಈ ಅಳತೆ ಮಾಡದ ರ್ಯಾಕನ್ನು ನಂಬುವಂತಿಲ್ಲ.

ಕುದುರೆ ಗಾಡಿಯ ಕಾಲದ ಲೆಕ್ಕ

ಇನ್ನೊಂದು ಲೆಕ್ಕ ಮೋಟಾರಿಗಿಂತಲೂ ಹಳೆಯದು. ಗಾಡಿ ತಿರುವು ತೆಗೆದುಕೊಳ್ಳುವಾಗ ಒಳಗಿನ ಚಕ್ರ ಸಣ್ಣ ವೃತ್ತದಲ್ಲಿ, ಹೊರಗಿನ ಚಕ್ರ ದೊಡ್ಡ ವೃತ್ತದಲ್ಲಿ ಸಾಗಬೇಕು. ಅಂದರೆ ಒಳಗಿನದು ಹೆಚ್ಚು ತಿರುಗಬೇಕು, ಹೊರಗಿನದು ಕಡಿಮೆ. ಮ್ಯೂನಿಕ್ಕಿನ ಗಾಡಿ ತಯಾರಕ ಗಿಯೋರ್ಗ್ ಲಾಂಕೆನ್‌ಸ್ಪೆರ್ಗರ್ 1817ರಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದ. ಅವನ ಪರವಾಗಿ ಲಂಡನ್ನಿನಲ್ಲಿ ರುಡಾಲ್ಫ್ ಆಕರ್‌ಮನ್ ಎಂಬವನು ಮರುವರ್ಷ ಪೇಟೆಂಟ್ ಪಡೆದ. ಕಂಡುಹಿಡಿದವನ ಹೆಸರು ಮರೆಯಾಗಿ ಪೇಟೆಂಟ್ ಪಡೆದವನ ಹೆಸರೇ ಉಳಿಯಿತು. ಇಂದಿಗೂ ಇದು ‘ಆಕರ್‌ಮನ್ ಜ್ಯಾಮಿತಿ’.

ಚಕ್ರದ ಸ್ಟಿಯರಿಂಗ್ ಆರ್ಮ್ ಯಾವ ಕೋನದಲ್ಲಿದೆ, ರ್ಯಾಕ್ ಅದರ ಮುಂದಿದೆಯೋ ಹಿಂದಿದೆಯೋ ಎಂಬುದರ ಮೇಲೆ ಈ ಹೊಂದಾಣಿಕೆ ನಿಂತಿದೆ. ಹೊಂದಾಣಿಕೆ ತಪ್ಪಿದರೆ ತಿರುವಿನಲ್ಲಿ ಟೈರು ಉಜ್ಜಿಕೊಂಡು ಕಿರುಚುತ್ತದೆ, ಬೇಗ ಸವೆಯುತ್ತದೆ. ಇನ್ನೂ ದೊಡ್ಡ ಎಡವಟ್ಟೂ ಉಂಟು. ಚಕ್ರದ ಅಚ್ಚಿನ ಮುಂದೆ ಇರಬೇಕಾದ ರ್ಯಾಕನ್ನು ಹಾಗೆಯೇ ಅಚ್ಚಿನ ಹಿಂದೆ ಕೂರಿಸಿದರೆ, ಎಡಕ್ಕೆ ತಿರುಗಿಸಿದಾಗ ಕಾರು ಬಲಕ್ಕೆ ಹೋಗುತ್ತದೆ!

ಜಾಗದ ಸಮಸ್ಯೆಯೂ ಸಣ್ಣದಲ್ಲ. ಬಾಕ್ಸ್ ಒಂದು ಮೂಲೆಯಲ್ಲಿ ಕೂರುತ್ತದೆ. ರ್ಯಾಕ್ ಕಾರಿನ ಅಡ್ಡಕ್ಕೆ ಮಲಗಬೇಕು. ಅಲ್ಲಿ ಎಂಜಿನ್ನಿನ ಆಯಿಲ್ ಸಂಪ್ ಇರುತ್ತದೆ, ಸೈಲೆನ್ಸರಿನ ಕೊಳವೆ ಇರುತ್ತದೆ. ಇವುಗಳಿಂದ ತಪ್ಪಿಸಿಕೊಳ್ಳಲು ರ್ಯಾಕನ್ನು ಕೆಳಗಿಳಿಸಿದರೆ ಮೊದಲು ಹೇಳಿದ ಕಮಾನಿನ ಲೆಕ್ಕ ಕೆಡುತ್ತದೆ. ರ್ಯಾಕ್ ಸರಿಯುವ ದೂರ ಸಾಲದೇ ಹೋದರೆ ಚಕ್ರ ಪೂರ್ತಿ ತಿರುಗುವುದಿಲ್ಲ. ಮೊದಲು ಒಂದೇ ಏಟಿಗೆ ತಿರುಗುತ್ತಿದ್ದ ಕಾರನ್ನು ಎರಡು ಸಲ ಹಿಂದೆ ಮುಂದೆ ಮಾಡಬೇಕಾಗುತ್ತದೆ.

ಎದೆಯ ಮುಂದಿನ ಸರಳು

ರ್ಯಾಕಿನ ಪರವಾಗಿ ಹೇಳಬೇಕಾದ ಮುಖ್ಯ ಮಾತೊಂದಿದೆ. ಹಳೆಯ ಕಾರುಗಳಲ್ಲಿ ಸ್ಟಿಯರಿಂಗ್ ಬಾಕ್ಸ್ ತೀರ ಮುಂದೆ ಇರುತ್ತಿತ್ತು. ಅಲ್ಲಿಂದ ಚಾಲಕನ ಎದೆಯವರೆಗೆ ಒಂದೇ ಉಕ್ಕಿನ ಸರಳು. ಮುಂದಿನಿಂದ ಡಿಕ್ಕಿಯಾದರೆ ಬಾಕ್ಸ್ ಹಿಂದಕ್ಕೆ ಸರಿದು ಆ ಸರಳು ಈಟಿಯಂತೆ ಚಾಲಕನ ಎದೆಗೆ ಬರುತ್ತಿತ್ತು. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ 1967ರ ಮಾದರಿಗಳಲ್ಲಿ ಡಿಕ್ಕಿಯಾದಾಗ ಕುಗ್ಗುವ ಸರಳನ್ನು ತಂದಿತು. 1968ರ ಜನವರಿಯಿಂದ ಚಾಲಕನ ಎದೆಯನ್ನು ಕಾಯುವ ಸ್ಟಿಯರಿಂಗ್ ಸರಳಿನ ಬಗ್ಗೆ ಅಲ್ಲಿನ ಸರ್ಕಾರವೇ ನಿಯಮ ಜಾರಿಗೊಳಿಸಿತು.

ರ್ಯಾಕ್ ಹಾಕಿಸುವಾಗ ಸರಳನ್ನು ತುಂಡರಿಸಿ ನಡುವೆ ಯೂನಿವರ್ಸಲ್ ಜಾಯಿಂಟುಗಳನ್ನು ಕೊಡಬೇಕಾಗುತ್ತದೆ. ಈ ಕೀಲುಗಳಿಂದಾಗಿ ಸರಳು ಈಟಿಯಂತೆ ನೇರವಾಗಿ ನುಗ್ಗುವುದು ತಪ್ಪುತ್ತದೆ. ಇದು ನಿಜವಾದ ಲಾಭ. ಆದರೆ ಇಲ್ಲೂ ಎಚ್ಚರ ಬೇಕು. ಎರಡು ಜಾಯಿಂಟುಗಳು ಒಂದಕ್ಕೊಂದು ಸರಿಯಾದ ನೇರದಲ್ಲಿ ಇಲ್ಲದಿದ್ದರೆ ಸ್ಟಿಯರಿಂಗ್ ಒಂದು ಕಡೆ ಹಗುರ, ಒಂದು ಕಡೆ ಬಿಗಿ ಆಗುತ್ತದೆ. ಮೂರು ಜಾಯಿಂಟುಗಳಿದ್ದರೆ ನಡುವೆ ಬೇರಿಂಗಿನ ಆಸರೆ ಇರಲೇಬೇಕು. ಟೈ ರಾಡ್ ಉದ್ದವಾಯಿತೆಂದು ಕತ್ತರಿಸಿ ಮತ್ತೆ ವೆಲ್ಡಿಂಗ್ ಮಾಡುವ ಕೆಲವರ ಅಭ್ಯಾಸವಂತೂ ಜೀವದೊಡನೆ ಆಡುವ ಆಟ. ಎಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ. ಸ್ಟಿಯರಿಂಗ್ ಮುರಿದರೆ ಕಾರು ನಿಲ್ಲುವುದಿಲ್ಲ.

ಅಮೆರಿಕದ ದಾರಿ

ಬ್ರಿಟನ್ನಿನಲ್ಲಿ ಜಾಗ್ವಾರ್ ಹೇಗೋ ಅಮೆರಿಕದಲ್ಲಿ ಫೋರ್ಡ್ ಮಸ್ಟಾಂಗ್ ಹಾಗೆ. 1964ರ ಏಪ್ರಿಲ್ 17ರಂದು ಮಾರುಕಟ್ಟೆಗೆ ಬಂದ ಈ ಕಾರು ಯುವಜನರ ಕನಸಾಯಿತು. ಆದರೆ ಅದರ ಹೊಳೆಯುವ ಮೈಯ ಕೆಳಗೆ ಇದ್ದುದು ಫಾಲ್ಕನ್ ಎಂಬ ಸಾಧಾರಣ ಸಂಸಾರದ ಕಾರಿನ ಭಾಗಗಳು. ಸ್ಟಿಯರಿಂಗ್ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಾಲ್ಕು ಸುತ್ತಿಗೂ ಹೆಚ್ಚು ತಿರುಗಬೇಕಿತ್ತು. ಹೆಚ್ಚಿನ ಹಣ ಕೊಟ್ಟು ಪಡೆಯುವ ಪವರ್ ಸ್ಟಿಯರಿಂಗಿನಲ್ಲಿ ನಡುಸರಳನ್ನು ತಳ್ಳುವ ಎಣ್ಣೆಯ ಕೊಳವೆ ಇರುತ್ತಿತ್ತು. ಹಳತಾದಂತೆ ಅದು ಸೋರುವುದು ಮಾಮೂಲಿ. ಇಂದು ಮಸ್ಟಾಂಗ್ ಮಾಲೀಕರು ರ್ಯಾಕಿಗೆ ಮನಸೋಲಲು ಈ ಸೋರಿಕೆಯೂ ಒಂದು ಕಾರಣ.

ಇಲ್ಲೂ ಕಂಪೆನಿಯೇ ಮುಂದೆ ಹೋಯಿತು. 1974ರ ಮಾದರಿಯಾಗಿ ಬಂದ ಮಸ್ಟಾಂಗ್ 2ರಲ್ಲಿ ರ್ಯಾಕ್ ಅಂಡ್ ಪಿನಿಯನ್ ಇತ್ತು. ಪಿಂಟೊ ಎಂಬ ಸಣ್ಣ ಕಾರಿನೊಡನೆ ಭಾಗಗಳನ್ನು ಹಂಚಿಕೊಂಡ ಆ ಕಾರನ್ನು ಮಸ್ಟಾಂಗ್ ಅಭಿಮಾನಿಗಳು ಅಷ್ಟಾಗಿ ಮೆಚ್ಚಲಿಲ್ಲ. ಆದರೆ ವಿಧಿಯ ಆಟ ನೋಡಿ: ಅದರ ಮುಂಭಾಗದ ಸಸ್ಪೆನ್ಷನ್ ಮತ್ತು ರ್ಯಾಕ್ ಗಿಡ್ಡವಾಗಿ, ಅಚ್ಚುಕಟ್ಟಾಗಿ ಇದ್ದುದರಿಂದ 1930, 40ರ ದಶಕದ ಕಾರುಗಳನ್ನು ‘ಹಾಟ್ ರಾಡ್’ ಆಗಿ ಮಾರ್ಪಡಿಸುವವರಿಗೆ ಅದೇ ಅಚ್ಚುಮೆಚ್ಚಾಯಿತು. ಗುಜರಿಯಲ್ಲಿದ್ದ ಮಸ್ಟಾಂಗ್ 2ರ ಮುಂಭಾಗವನ್ನು ಬಿಚ್ಚಿ ತಂದು ಹಳೆಯ ಚಾಸಿಗೆ ಕೂರಿಸುವುದು ರೂಢಿಯಾಯಿತು. ಮುಂದೆ ಅದೇ ವಿನ್ಯಾಸದಲ್ಲಿ ಹೊಸ ಭಾಗಗಳನ್ನೇ ತಯಾರಿಸಿ ಮಾರುವ ಉದ್ಯಮ ಬೆಳೆಯಿತು. ಇದು ಯಶಸ್ವಿಯಾಗಲು ಕಾರಣ ರ್ಯಾಕ್ ಒಂದನ್ನೇ ಅಲ್ಲ, ಅದರ ಜೊತೆ ತೋಳು, ಕೀಲು, ಟೈ ರಾಡ್ ಎಲ್ಲವನ್ನೂ ಒಂದೇ ಕುಟುಂಬವಾಗಿ ಎತ್ತಿ ತಂದದ್ದು.

ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಇದೆ. 1965ರಲ್ಲಿ ಕ್ಯಾರೊಲ್ ಶೆಲ್ಬಿ ಮಸ್ಟಾಂಗನ್ನು ಪಂದ್ಯಕ್ಕೆ ಸಿದ್ಧಗೊಳಿಸಿ ಜಿಟಿ 350 ಎಂಬ ಹೆಸರಿನಲ್ಲಿ ಹೊರತಂದಾಗ ಬಾಕ್ಸನ್ನು ತೆಗೆಯಲೇ ಇಲ್ಲ. ಸಸ್ಪೆನ್ಷನ್ನಿನ ಮೇಲಿನ ತೋಳಿನ ಕೀಲನ್ನು ಒಂದು ಅಂಗುಲ ಕೆಳಗಿಳಿಸಲಾಯಿತು. ಪಿಟ್‌ಮನ್ ಮತ್ತು ಐಡ್ಲರ್ ತೋಳುಗಳನ್ನು ಉದ್ದ ಮಾಡಲಾಯಿತು. ಅಷ್ಟರಿಂದಲೇ ಸ್ಟಿಯರಿಂಗ್ ಚುರುಕಾಯಿತು, ಕಾರು ತಿರುವಿನಲ್ಲಿ ನೆಲ ಕಚ್ಚಿ ನಿಂತಿತು.

ಬಿಚ್ಚುವ ಮೊದಲು

ಆದ್ದರಿಂದ ಬಲ್ಲವರು ಮೊದಲು ಕೊಡುವ ಸಲಹೆ ಬಾಕ್ಸನ್ನು ಕಳಚಬೇಡಿ, ಕಾರನ್ನು ಜ್ಯಾಕಿನ ಮೇಲೆ ನಿಲ್ಲಿಸಿ ನೋಡಿ ಎಂಬುದು. ಪ್ಲೇ ಎಲ್ಲ ಬಾಕ್ಸಿನದೇ ಆಗಿರಬೇಕಿಲ್ಲ. ಕಿಂಗ್ ಪಿನ್ ಸವೆದಿರಬಹುದು, ಬುಷ್ ಹೋಗಿರಬಹುದು, ಐಡ್ಲರ್ ಆರ್ಮ್ ಅಲ್ಲಾಡುತ್ತಿರಬಹುದು, ಅಲೈನ್‌ಮೆಂಟ್ ಕೆಟ್ಟಿರಬಹುದು. ಬಾಕ್ಸಿನ ಮೇಲಿರುವ ತಿರುಪನ್ನು ಬಿಗಿ ಮಾಡಿದರೆ ಪ್ಲೇ ಹೋಗುತ್ತದೆಂದು ಸಿಕ್ಕಾಪಟ್ಟೆ ಬಿಗಿ ಮಾಡುವವರಿದ್ದಾರೆ. ಬಾಕ್ಸ್ ಹೆಚ್ಚು ಸವೆಯುವುದು ನಡುಭಾಗದಲ್ಲಿ. ಕಾರು ನೇರವಾಗಿ ಓಡುವುದೇ ಹೆಚ್ಚಲ್ಲವೇ? ನಡುವಿನ ಪ್ಲೇ ಹೋಗುವಷ್ಟು ಬಿಗಿ ಮಾಡಿದರೆ ತಿರುವಿನಲ್ಲಿ ಸ್ಟಿಯರಿಂಗ್ ಹಿಡಿದುಕೊಳ್ಳುತ್ತದೆ. ಸರಿಯಾಗಿ ರಿಪೇರಿ ಮಾಡಿಸಿದ ಬಾಕ್ಸ್ ಹೊಸತಾಗಿದ್ದಾಗ ಹೇಗಿತ್ತೋ ಹಾಗೆ ನಡೆಯುತ್ತದೆ. ಎಷ್ಟೋ ಮಾಲೀಕರು ‘ಹಳೆಯ ಕಾರೆಂದರೆ ಹೀಗೇ’ ಎಂದುಕೊಂಡಿದ್ದು ನಿಜಕ್ಕೂ ಸವೆತ ಮಾತ್ರ.

ಕೈಗೆ ಭಾರ ಎಂಬುದೊಂದೇ ತೊಂದರೆಯಾದರೆ ಇನ್ನೊಂದು ಉಪಾಯವೂ ಇದೆ. ಪವರ್ ಸ್ಟಿಯರಿಂಗ್ ಮಾರಾಟದ ಕಾರಿಗೆ ಮೊದಲು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ. ಅದು ಎಣ್ಣೆಯ ಒತ್ತಡದಿಂದ ನಡೆಯುವಂಥದ್ದು. 1988ರಲ್ಲಿ ಜಪಾನಿನ ಸುಜುಕಿ ತನ್ನ ಸೆರ್ವೊ ಎಂಬ ಪುಟ್ಟ ಕಾರಿನಲ್ಲಿ ವಿದ್ಯುತ್ ಮೋಟಾರಿನ ಪವರ್ ಸ್ಟಿಯರಿಂಗ್ ತಂದಿತು. ಈ ಬಗೆಯ ಮೋಟಾರನ್ನು ಇಂದು ಹಳೆಯ ಕಾರುಗಳ ಡ್ಯಾಷ್‌ಬೋರ್ಡಿನ ಹಿಂದೆ, ಕಣ್ಣಿಗೆ ಬೀಳದಂತೆ ಕೂರಿಸುತ್ತಾರೆ. ಬಾಕ್ಸ್, ಸರಳು, ಕೀಲು ಎಲ್ಲವೂ ಇದ್ದಲ್ಲೇ ಇರುತ್ತವೆ. ಬೇಡವೆನಿಸಿದರೆ ಬಿಚ್ಚಿ ಮೊದಲಿನಂತೆ ಮಾಡಬಹುದು. ಹಳೆಯ ಡೈನಮೊ ಇಷ್ಟು ವಿದ್ಯುತ್ ಕೊಡಲಾರದು, ಆಲ್ಟರ್ನೇಟರ್ ಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ಅದೇ ಕಾರೇ?

ಕಾರೊಂದರ ಗುರುತು ಎಲ್ಲಿದೆ? ಎಂಜಿನ್ನಿನಲ್ಲಿ ಎಂದು ನಾವು ಹೇಳಬಹುದು. ಬ್ರಿಟನ್ನಿನ ವಾಹನ ನೋಂದಣಿ ಇಲಾಖೆ ಬಹುಕಾಲ ಬಳಸಿದ ಅಂಕ ಪದ್ಧತಿ ಹಾಗೆ ಹೇಳುವುದಿಲ್ಲ. ತೀರ ಮಾರ್ಪಟ್ಟ ಕಾರು ತನ್ನ ಹಳೆಯ ನೋಂದಣಿ ಉಳಿಸಿಕೊಳ್ಳಬೇಕಾದರೆ ಅದಕ್ಕೆ ಕನಿಷ್ಠ 8 ಅಂಕ ಬೇಕಿತ್ತು. ಮೂಲ ಚಾಸಿಗೆ 5, ಸಸ್ಪೆನ್ಷನ್, ಅಚ್ಚು, ಗೇರುಗಳ ವ್ಯವಸ್ಥೆ ಮತ್ತು ಸ್ಟಿಯರಿಂಗಿಗೆ ತಲಾ 2, ಎಂಜಿನ್ನಿಗೆ ಕೇವಲ 1. ಸ್ಟಿಯರಿಂಗಿನ ಬೆಲೆ ಎಂಜಿನ್ನಿನ ಎರಡರಷ್ಟು!

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 1966ರಲ್ಲಿ ಹುಟ್ಟಿದ್ದು. ಪ್ರಾಚೀನ ಕಟ್ಟಡಗಳ ರಕ್ಷಣೆಗೆಂದು 1964ರಲ್ಲಿ ಬಂದ ವೆನಿಸ್ ಸನ್ನದಿನ ಮಾದರಿಯಲ್ಲಿ ಈ ಒಕ್ಕೂಟ ವಾಹನಗಳಿಗೂ ಟ್ಯೂರಿನ್ ಸನ್ನದನ್ನು ರೂಪಿಸಿತು. ಹಳೆಯ ವಾಹನವೂ ಒಂದು ಕಾಲದ ಸಾಕ್ಷಿ ಎಂಬುದು ಅದರ ತಿರುಳು. ಬದಲಾವಣೆ ಮಾಡಲೇಬೇಕಾದರೆ ಎದ್ದು ಕಾಣದಂತೆ ಮಾಡಬೇಕು, ಮತ್ತೆ ಮೊದಲಿನಂತಾಗಿಸಲು ಬರುವಂತಿರಬೇಕು, ತೆಗೆದ ಮೂಲ ಭಾಗಗಳನ್ನು ಕಾರಿನೊಡನೆಯೇ ಕಾದಿಡಬೇಕು ಎಂಬುದು ಅದರ ಆಶಯ. ಈ ಅರ್ಥದಲ್ಲಿ ಚಾಸಿಗೆ ತೂತು ಕೊರೆಯದೆ ಬೋಲ್ಟಿನಿಂದ ಕೂರಿಸಿದ ರ್ಯಾಕ್ ಒಂದು ಬಗೆ. ಚಾಸಿಯನ್ನೇ ಕತ್ತರಿಸಿ ವೆಲ್ಡಿಂಗ್ ಮಾಡಿ ಕೂರಿಸಿದ ರ್ಯಾಕ್ ಇನ್ನೊಂದು ಬಗೆ. ಮೊದಲನೆಯದು ಕಾರಿಗೆ ಹಾಕಿದ ಕನ್ನಡಕ, ಎರಡನೆಯದು ಶಸ್ತ್ರಚಿಕಿತ್ಸೆ.

ನಮ್ಮ ಕಾನೂನು ಏನು ಹೇಳುತ್ತದೆ?

ಹಳೆಯ ಕಾರುಗಳ ಹುಚ್ಚು ನಮ್ಮ ಬೆಂಗಳೂರು, ಮೈಸೂರುಗಳಿಗೂ ಹೊಸದಲ್ಲ. ಆದ್ದರಿಂದ ನಮ್ಮ ಕಾನೂನನ್ನೂ ತಿಳಿದಿರುವುದು ಒಳ್ಳೆಯದು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಗೆ ಅವಕಾಶ ಕಲ್ಪಿಸಿತು. ಅಂಥ ವಾಹನದ ಸಂಖ್ಯಾ ಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ವಾಹನ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಮಾರ್ಪಾಡಿನಂಥ ದೊಡ್ಡ ಬದಲಾವಣೆ ಆಗಿರಬಾರದು ಎಂಬುದು ಷರತ್ತು. ನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಇಂಧನ ತುಂಬಿಸುವುದು, ರಿಪೇರಿ ಇಂಥವಕ್ಕೆ ಮಾತ್ರ. ಅಜ್ಜನ ಕಾಲದ ಕಾರಿನ ಚಾಸಿಗೆ ರ್ಯಾಕ್ ಕೂರಿಸಲು ವೆಲ್ಡಿಂಗ್ ಕಿಡಿ ಹಾರಿಸುವ ಮುನ್ನ ಮಾಲೀಕರು ಪ್ರಾದೇಶಿಕ ಸಾರಿಗೆ ಕಚೇರಿಯ ಮೆಟ್ಟಿಲು ಹತ್ತಿ ವಿಚಾರಿಸುವುದು ಮೇಲು.

ಎಕ್ಸ್‌ಕೆ 120ರ ಮಾಲೀಕನೊಬ್ಬ ತನ್ನ ಕಾರು ಕೈಗೆ ಹಗುರಾಗಲಿ, ಹೆದ್ದಾರಿಯಲ್ಲಿ ನೇರವಾಗಿ ಓಡಲಿ ಎಂದು ಬಯಸುವುದರಲ್ಲಿ ತಪ್ಪಿಲ್ಲ. ಗ್ಯಾರೇಜಿನಲ್ಲಿ ಬಟ್ಟೆ ಹೊದ್ದು ನಿಂತ ಕಾರಿಗಿಂತ ರಸ್ತೆಯಲ್ಲಿ ಓಡುವ ಕಾರು ಮೇಲು ಎಂಬ ವಾದಕ್ಕೂ ತೂಕವಿದೆ. ಆದರೆ ಆ ಕಾಲದಲ್ಲಿ ಗಂಟೆಗೆ 120 ಮೈಲಿ ಓಡಿದವರು ಎಂಥ ಸ್ಟಿಯರಿಂಗ್ ಹಿಡಿದು ಓಡಿದರು ಎಂಬುದನ್ನು ಮುಂದಿನ ತಲೆಮಾರಿಗೆ ತಿಳಿಸಲು ಉಳಿದಿರುವುದು ಆ ಬಾಕ್ಸ್ ಒಂದೇ. ರ್ಯಾಕ್ ಹಾಕಿಸುವವರು ಹಾಕಿಸಲಿ, ಅಳತೆ ಸರಿಯಿರಲಿ. ಕಳಚಿದ ಬಾಕ್ಸನ್ನು ಮಾತ್ರ ಗುಜರಿಗೆ ಹಾಕದೆ ಎಣ್ಣೆ ಹಚ್ಚಿ, ಚೀಟಿ ಕಟ್ಟಿ, ಕಾರಿನ ಕಾಗದಪತ್ರಗಳ ಜೊತೆಗೇ ಎತ್ತಿಡಲಿ.